ಪೇಜ್ ಮಾಮನ ಕೋಣೆ ತುಂಬಿದ ದಿನ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಫಾಂಟು. ಶಾಲೆಯೊಂದರ ಹಳೆಯ ಸ್ಮರಣ ಸಂಚಿಕೆ ಮರುಮುದ್ರಣವಾಗಬೇಕಿತ್ತು. ಅದರ ಫೈಲು ಇದ್ದದ್ದು ಈಗ ಯಾರೂ ಬಳಸದ ಪುಟವಿನ್ಯಾಸದ ಸಾಫ್ಟ್‌ವೇರಿನಲ್ಲಿ. ಅದನ್ನು ಹೊಸ ಸಾಫ್ಟ್‌ವೇರಿಗೆ ತರುವ ಕೆಲಸ ಪ್ರೆಸ್ಸಿನಲ್ಲಿ ಪುಟ ಕಟ್ಟುವ ಪೇಜ್ ಮಾಮನದು. ಬೆಳಿಗ್ಗೆ ಮಾಮ ಫೈಲು ತೆರೆದರೆ, ಹೊಸ ಕಂಪ್ಯೂಟರಿಗೆ ಹಳೆಯ ಫಾಂಟಿನ ಪರಿಚಯವೇ ಇಲ್ಲ! ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಸಾಲುಗಳು ಅಂಕೆ ತಪ್ಪಿ ಚಿತ್ರಗಳ ಮೇಲೆ ಹತ್ತಿ ಕೂತಿದ್ದವು.

"ಅಯ್ಯೋ ನಿನ್ನ!" ಎಂದು ಮಾಮ ಕಂಪ್ಯೂಟರಿಗೆ ಬೈದರು.

ಬೈದರೇ ಹೊರತು ಹೆದರಲಿಲ್ಲ. ಹಳೆಯ ಫಾಂಟು ಅವರ ಜೇಬಿನ ಪೆನ್‌ಡ್ರೈವಿನಲ್ಲೇ ಇತ್ತು. ಅದನ್ನು ಹಾಕಿ ಫೈಲನ್ನು ಮತ್ತೆ ತೆರೆದರೆ ಮುಗಿಯಿತು. ಪೆನ್‌ಡ್ರೈವ್ ಕೈಗೆ ತೆಗೆದುಕೊಂಡದ್ದೂ ಆಯಿತು. ಅಷ್ಟರಲ್ಲಿ ಬೈಂಡಿಂಗ್ ಅಕ್ಕ ಅಂಟಿನ ಬ್ರಷ್ಷು ಹಿಡಿದುಕೊಂಡೇ ಓಡಿಬಂದಳು.

"ಏನಾಯ್ತು ಮಾಮ? ಯಾಕೆ ಕೂಗಿದ್ರಿ?"

ಮಾಮ ತಬ್ಬಿಬ್ಬಾದರು. ಅವರ ಕೋಣೆ ಪ್ರೆಸ್ಸಿನ ಹಿಂದುಗಡೆ, ಪೇಪರ್ ಬಂಡಲುಗಳಾಚೆ. ಕೆಲಸವಿಲ್ಲದೆ ಅಲ್ಲಿಗೆ ಒಬ್ಬರು ಬಂದು ವರ್ಷಗಳೇ ಆಗಿದ್ದವು. ಮನೆಯ ವಿಷಯವಂತೂ ಕೇಳುವುದೇ ಬೇಡ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿ ಬಾಯಿ ಬಿಡುವುದು ಕುಕ್ಕರೊಂದೇ. 'ಏನಾಯ್ತು' ಎಂದು ಒಬ್ಬರು ಕೇಳಿದರೆ ಎಷ್ಟು ಹಿತವಾಗಿರುತ್ತದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಪೆನ್‌ಡ್ರೈವ್ ಮೆಲ್ಲಗೆ ಜೇಬಿಗೆ ವಾಪಸು ಹೋಯಿತು.

"ಎಲ್ಲಾ ಕೆಟ್ಟು ಕೆರ ಹಿಡಿದಿದೆ ಕಣಮ್ಮ," ಎಂದರು ಮಾಮ. "ಏನ್ ಮಾಡ್ಬೇಕೋ ತಲೆಗೇ ಹೊಳೀತಿಲ್ಲ."

ಅಕ್ಕ ಪ್ರೂಫ್ ನೋಡುವ ಮೇಷ್ಟ್ರನ್ನು ಕರೆದಳು. ಮೇಷ್ಟ್ರು ಮೆಷಿನ್ ನಡೆಸುವ ಅಣ್ಣನನ್ನು ಕರೆದರು. ನೋಡನೋಡುತ್ತಿದ್ದಂತೆ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು.

"ಅಕ್ಷರ ಚಿಕ್ಕದು ಮಾಡಿ, ತಾನಾಗೇ ಹಿಡಿಸುತ್ತೆ," ಎಂದರು ಮೇಷ್ಟ್ರು. ಚಿಕ್ಕದು ಮಾಡಿದ್ದಾಯಿತು. ಚೌಕಗಳು ಸಾಸಿವೆ ಕಾಳಿನಷ್ಟಾದವು, ಅಷ್ಟೇ.

"ಪಕ್ಕಕ್ಕೆ ಸರೀರಿ ಮಾಮ, ಮೌಸ್ ಇಲ್ಲಿ ಕೊಡಿ," ಎಂದು ಮೆಷಿನ್ ಅಣ್ಣ ಕುರ್ಚಿ ಆಕ್ರಮಿಸಿದ. ಬಂಡಲು ಎಳೆದು ಎಳೆದು ಪಳಗಿದ ಕೈ. ಫೋಟೋಗಳನ್ನೂ ಹಾಗೇ ದರದರ ಎಳೆದ.

"ಹಂಗೆ ಎಳೀಬೇಡ್ವೋ, ಹರಿದೋದೀತು!" ಎಂದು ಅಕ್ಕ ಚೀರಿದಳು.

ಮೂಲ ಫೈಲಿನ ಪ್ರತಿಯನ್ನು ಮಾಮ ಮೊದಲೇ ಬೇರೆ ಕಡೆ ಎತ್ತಿಟ್ಟಿದ್ದರು. ಹಾಗಾಗಿ ಇವರು ಏನು ಮಾಡಿದರೂ ನಷ್ಟವಿಲ್ಲ. ಗದ್ದಲ ಸ್ವಲ್ಪ ತಣ್ಣಗಾಯಿತು ಎನ್ನಿಸಿದಾಗಲೆಲ್ಲ, "ಅಲ್ನೋಡಿ, ಇನ್ನೊಂದು ಪುಟವೂ ಕೆಟ್ಟಿದೆ!" ಎಂದು ಮಾಮನೇ ಬೆಂಕಿಗೆ ತುಪ್ಪ ಸುರಿದರು. ಮಧ್ಯಾಹ್ನ ಎಲ್ಲರೂ ಅಲ್ಲೇ ಡಬ್ಬಿ ಬಿಚ್ಚಿದರು. ಒಬ್ಬರ ಡಬ್ಬಿಗೆ ಒಬ್ಬರು ಕೈ ಹಾಕಿದರು. ಮಾಮನಿಗೆ ಹಿಡಿಸಲಾರದಷ್ಟು ಖುಷಿ. ಅದನ್ನು ಮುಚ್ಚಿಕೊಳ್ಳಲು, ಮನೆ ತುಂಬ ನೆಂಟರಿರುವಾಗ ಯಜಮಾನ ಸುಳ್ಳು ಸುಳ್ಳೇ ಸಿಡುಕುತ್ತಾನಲ್ಲ, ಹಾಗೆ ಸಿಡುಕಿದರು.

"ಏನ್ ಕಾಟ ಕಣ್ರೋ ನಿಮ್ದು! ಒಂದು ನಿಮಿಷ ನೆಮ್ಮದಿಯಾಗಿ ಕೆಲಸ ಮಾಡೋಕೆ ಬಿಡಲ್ವಲ್ಲ!"

ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಊಟ ಮುಗಿಯುವಷ್ಟರಲ್ಲಿ ಪ್ರೆಸ್ಸಿನ ಯಜಮಾನರು ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕರೆದುಕೊಂಡು ಒಳಗೆ ಬಂದರು. ಆಕೆ ಪರದೆ ನೋಡಿದರು. ಮೆಷಿನ್ ಅಣ್ಣನ ಕೈಚಳಕದಿಂದ ಆಕೆಯದೇ ಹಳೆಯ ಫೋಟೋ ದಂತವೈದ್ಯರ ಜಾಹೀರಾತಿನಲ್ಲಿ, ಹುಳುಕು ಹಲ್ಲಿನ ಪಕ್ಕದಲ್ಲಿ ಪ್ರತಿಷ್ಠಾಪನೆಯಾಗಿತ್ತು.

"ಇದು ನಮ್ಮ ಸಂಚಿಕೆನಾ, ಹಲ್ಲಿನ ಡಾಕ್ಟ್ರ ಬೋರ್ಡಾ?" ಆಕೆ ಕೆಂಡವಾದರು. "ಫೈಲು ವಾಪಸ್ ಕೊಡಿ. ಬೇರೆ ಪ್ರೆಸ್ ನೋಡ್ಕೋತೀನಿ."

ಯಜಮಾನರ ಮುಖ ಬಿಳಿಚಿಕೊಂಡಿತು. ಮಾಮ ತಡಮಾಡಲಿಲ್ಲ. ಫಾಂಟು ಹಾಕಿದರು, ಮೂಲ ಪ್ರತಿ ತೆರೆದರು. ಚೌಕಗಳು ಮಾಯವಾಗಿ ಅಕ್ಷರಗಳು ಮೂಡಿದವು, ಸಾಲುಗಳು ತೆಪ್ಪಗೆ ತಮ್ಮ ಜಾಗಕ್ಕೆ ಮರಳಿದವು.

"ಆಗ ನನಗೆ ಇಷ್ಟೊಂದು ಕೂದಲಿತ್ತಾ!" ಎಂದು ಮುಖ್ಯೋಪಾಧ್ಯಾಯಿನಿ ತಮ್ಮ ಫೋಟೋ ನೋಡಿ ಕರಗಿ, ಒಪ್ಪಿಗೆ ಕೊಟ್ಟು ಹೊರಟರು.

"ಇಷ್ಟು ಸಲೀಸಾದ ಕೆಲಸಕ್ಕೆ ಬೆಳಿಗ್ಗೆಯಿಂದ ಏನ್ ಮಾಡ್ತಿದ್ರಿ ಮಾಮ?" ಎಂದರು ಯಜಮಾನರು.

ಜೊತೆಗೆ ನಾಲ್ಕು ಜನ ಬೇಕಿತ್ತು ಸಾರ್ ಎಂದು ಹೇಳುವುದು ಹೇಗೆ? ಮಾಮ ಪೆನ್‌ಡ್ರೈವನ್ನು ಜೇಬಿಗೆ ಸೇರಿಸಿದರು. ಅಕ್ಕ ಮುಂದೆ ಬಂದಳು.

"ತಪ್ಪು ನಮ್ದು ಸಾರ್. ಗುಂಪು ಕಟ್ಕೊಂಡು ಅವ್ರ ತಲೆ ತಿಂದ್ವಿ."

"ಕೆಲಸ ಮಾಡೋಕೆ ಬಿಡ್ರೋ ಅಂತ ಪಾಪ ಬಾಯಿಬಿಟ್ಟು ಕೇಳ್ಕೊಂಡ್ರು," ಎಂದ ಮೆಷಿನ್ ಅಣ್ಣ.

ಯಜಮಾನರು ಯೋಚಿಸಿದರು. "ಹೀಗೆ ಬದಲಾಯಿಸ್ಬೇಕಾದ ಹಳೇ ಫೈಲುಗಳ ಡಿಸ್ಕು ಇನ್ನೂ ಬೀರು ತುಂಬಾ ಇವೆ. ನಾಳೆಯಿಂದ ನೀವು ಮನೇಲೇ ಕೂತು ಮಾಡಿ ಮಾಮ. ಯಾರ ಕಾಟನೂ ಇರಲ್ಲ."

"ಬೇಡ ಸಾರ್! ಇವರಿಂದ ನನಗೇನೂ ತೊಂದರೆ ಇಲ್ಲ..."

"ನಮ್ಮನ್ನ ಬಿಟ್ಟುಕೊಡಲ್ಲ ನೋಡಿ, ಎಂಥಾ ದೊಡ್ಡ ಮನಸ್ಸು!" ಎಂದು ಮೇಷ್ಟ್ರು ಕಣ್ಣೊರೆಸಿಕೊಂಡರು.

ಸಂಜೆ ಮೂವರೂ ಸೇರಿ ಕಂಪ್ಯೂಟರನ್ನು ಮಾಮನ ಮನೆಗೆ ಹೊತ್ತು ತಂದರು. ಅಣ್ಣ ವೈರು ಜೋಡಿಸಿದ, ಅಕ್ಕ ಮೇಜು ಒರೆಸಿದಳು. ಮೇಷ್ಟ್ರು ಫೈಲುಗಳ ಡಿಸ್ಕುಗಳನ್ನು ಸಾಲಾಗಿ ಜೋಡಿಸಿಟ್ಟರು. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಮನುಷ್ಯರ ಮಾತು ಕೇಳಿಸಿತು.

"ಕೂತ್ಕೊಳ್ರೋ, ಟೀ ಮಾಡ್ತೀನಿ," ಎಂದು ಮಾಮ ಅಡುಗೆಮನೆಗೆ ಧಾವಿಸಿದರು.

"ಶ್!" ಅಕ್ಕ ತುಟಿಗೆ ಬೆರಳಿಟ್ಟಳು. "ಇನ್ಮೇಲೆ ನಾವ್ಯಾರೂ ಈ ಕಡೆ ತಲೆ ಹಾಕಲ್ಲ ಮಾಮ. ಫೋನೂ ಮಾಡಲ್ಲ. ನಿಮ್ಮಾಣೆ."

ಮೂವರೂ ತುದಿಗಾಲಲ್ಲಿ ನಡೆದು, ಮಾಮನಿಗೆ ಒಂಚೂರೂ ತೊಂದರೆಯಾಗದಂತೆ ಬಾಗಿಲನ್ನು ಸದ್ದಿಲ್ಲದೆ ಹೊರಗಿನಿಂದ ಎಳೆದುಕೊಂಡರು.