ರಾಹುವಿನ ಐವತ್ತು ನಿಮಿಷ

ಬುಧವಾರ ಮಧ್ಯಾಹ್ನ ಮೂರಕ್ಕೆ ಬೆಳಗಾವಿಯಲ್ಲಿ ಹೆಡ್ ಕ್ಲರ್ಕ್ ಹುದ್ದೆಗೆ ಸಂದರ್ಶನವೆಂಬ ಪತ್ರ, ಪುಣೆಯ ಕೋಥರೂಡದ ಗುಮಾಸ್ತ ಹಣಮಂತ್ರಾಯರ ಕೈಸೇರಿದ್ದು ಅದೇ ಬುಧವಾರ ಬೆಳಿಗ್ಗೆ ಎಂಟಕ್ಕೆ. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಸವೆದವರಿಗೆ ಇದು ಕೊನೆಯ ಅವಕಾಶ. ಮುಂದಿನ ತಿಂಗಳು ವಯೋಮಿತಿ ಮೀರುತ್ತಿತ್ತು. ಅದೇ ಪತ್ರ ಪಡೆದಿದ್ದ ಸಹೋದ್ಯೋಗಿ ಮನೋಹರ ಫೋನಿನಲ್ಲಿ, "ಬಸ್ಸಿಗೆ ಎಂಟು ತಾಸ್ರಿ. ಆಸೆ ಬಿಡ್ರಿ," ಎಂದು ಸ್ನಾನಕ್ಕೆ ಹೋಗಿಬಿಟ್ಟ.

"ಯಾಕ ಬಿಡ್ಲಿ? ಹನ್ನೆರಡೂ ಇಪ್ಪತ್ತಕ್ಕ ವಿಮಾನ ಅದ. ಐವತ್ತ ನಿಮಿಷ!" ಹಣಮಂತ್ರಾಯರು ಗುಡುಗಿದರು.

ಹೆಂಡತಿ ಶಿವಕಾಂತಾ ಪಂಚಾಂಗ ತೆಗೆದಳು. "ಹನ್ನೆರಡರಿಂದ ಒಂದೂವರಿ ತನಕ ರಾಹುಕಾಲರೀ. ಬಸ್ಸಾಗಿದ್ರ ರಾಹು ನಡುದಾರಿ ಕರಾಡದಾಗ ಇಳದು ಹೋಗ್ತಿದ್ದ. ಈ ವಿಮಾನ ಏರೂದೂ ಅವನ ತೊಡಿ ಮ್ಯಾಲೆ, ಇಳಿಯೂದೂ ಅವನ ತೊಡಿ ಮ್ಯಾಲೆ!"

"ಕುಂದರ್ಲಿ ಬಿಡು. ಕಿಟಕಿ ಸೀಟು ಮಾತ್ರ ನಂದು."

ಅವರು ಟಿಕೆಟಿಗೆಂದು ಓಡಿದ್ದೇ ತಡ, ಕರೆಯದಿದ್ದರೂ ಬರುವ ಪಕ್ಕದ ಮನೆಯ ರಾಮಲಿಂಗಪ್ಪ ಬಂದರು. "ಗಾಬರಿ ಆಗಬ್ಯಾಡ್ರಿ ವೈನಿ. ಪ್ರಸ್ಥಾನ ಇಡೂಣು. ಒಳ್ಳೆ ಗಳಿಗ್ಯಾಗ ಚೀಲ ಬ್ಯಾರೆ ಮನಿಗೆ ಹೋತಂದ್ರ ಮನಷ್ಯಾನೂ ಹೊಂಟಂಗ ಲೆಕ್ಕ."

ಹತ್ತಕ್ಕೆ ಹಣಮಂತ್ರಾಯರು ಟಿಕೆಟ್ ಹಿಡಿದು ಮರಳಿದಾಗ ಸರ್ಟಿಫಿಕೇಟುಗಳ ಸಮೇತ ಚೀಲ ಮಾಯ.

"ನಿಮ್ಮನ್ಯಾಗ ಅದ ಏನ್ರಿ?" ಎಂದು ರಾಮಲಿಂಗಪ್ಪನವರನ್ನು ಕೇಳಿದರು.

"ಛೆ! ನಮ್ಮಿಬ್ಬರದೂ ಒಂದೇ ಗ್ವಾಡಿ, ರಾಹುಗ ಅನುಮಾನ ಬರ್ತದ. ನಮ್ಮ ಅಳಿಯ ಸ್ಕೂಟರ್ ಮ್ಯಾಲೆ ನಿಗಡಿಗೆ ಒಯ್ದಾನ್ರಿ. ಭಾಳ ಭದ್ರ!"

ವಿಮಾನ ನಿಲ್ದಾಣ ಒಂದು ದಿಕ್ಕು, ನಿಗಡಿ ಇನ್ನೊಂದು. ಹಣಮಂತ್ರಾಯರು ಹಲ್ಲು ಕಚ್ಚಿ ರಿಕ್ಷಾ ಹತ್ತಿದರು. ನಿಗಡಿಯಲ್ಲಿ ಚೀಲ ಕಸಿದುಕೊಂಡು, ಧೂಳು ಕುಡಿಯುತ್ತ ಲೋಹಗಾಂವ ವಿಮಾನ ನಿಲ್ದಾಣ ಮುಟ್ಟುವಾಗ ಬೆವರಿ ಇಡ್ಲಿ ಪಾತ್ರೆಯ ಮುಚ್ಚಳದಂತಾಗಿದ್ದರು. "ಕಾಕಾ, ಇಷ್ಟ ಹೊತ್ತಿಗೆ ನಾನೇ ನಿಮ್ಮನ್ನ ಬೆಳಗಾವಿ ಹಾದ್ಯಾಗ ಸಾತಾರಾ ದಾಟಸ್ತಿದ್ದೆ," ಎಂದು ರಿಕ್ಷಾದವನು ಮರಾಠಿಯಲ್ಲಿ ನಕ್ಕ.

ವಿಮಾನದ ಬಾಗಿಲು ಮುಚ್ಚುವ ಮೊದಲು ಒಳಗೆ ನುಸುಳಿದ ಕೊನೆಯವರು ಇವರೇ. ಪಕ್ಕದ ಸೀಟು ಖಾಲಿ. ಹಣಮಂತ್ರಾಯರು ಬೆಲ್ಟ್ ಬಿಗಿದು ಅದರತ್ತ ತಿರುಗಿ, "ಬಾರಲೇ ರಾಹು, ಕೂಡು. ಏನ್ ಮಾಡ್ತಿ ನೋಡೇಬಿಡ್ತೀನಿ," ಎಂದರು.

ರಾಹು ಏನೂ ಮಾಡಲಿಲ್ಲ. ಒಂದೂ ಹತ್ತಕ್ಕೆ ಸರಿಯಾಗಿ ವಿಮಾನ ಬೆಳಗಾವಿಯ ಸಾಂಬ್ರಾ ನಿಲ್ದಾಣದಲ್ಲಿ ಇಳಿಯಿತು. ಎರಡು ಗಂಟೆಗೆಲ್ಲ ಹಣಮಂತ್ರಾಯರು ತಲೆ ಬಾಚಿಕೊಂಡು ಬೆಳಗಾವಿ ಕಚೇರಿಯ ಮೆಟ್ಟಿಲಲ್ಲಿದ್ದರು, ಗೆದ್ದ ಪೈಲ್ವಾನನಂತೆ.

ಹಳೆಯ ಪರಿಚಯದ ಜವಾನ ಫಕೀರಪ್ಪ ಅವರನ್ನು ಕಂಡು ಕಣ್ಣರಳಿಸಿದ. "ನೀವ್ಯಾಕ ಇಲ್ಲಿ ಬಂದ್ರೀ? ಸಂದರ್ಶನ ಪುಣಾದಾಗ ಇಟ್ಟಾರ. ಐದಕ್ಕ."

"ಪುಣಾದಾಗ? ಯಾಕ?"

"ಸಂದರ್ಶನ ಮಾಡೂ ಸಾಹೇಬ್ರು ಅಲ್ಲಿಂದನ ಬರಾವರಿದ್ರು. ಹನ್ನೆರಡೂ ಇಪ್ಪತ್ತರ ವಿಮಾನಕ್ಕ. ಏರ್‌ಪೋರ್ಟಿಗೆ ಬಂದ ಮ್ಯಾಲೆ ಯಾರೋ ರಾಹುಕಾಲ ಅಂದ್ರಂತ, ಹೊಳ್ಳಿ ಹೋಗ್ಯಾರ. ಹೆಂಗೂ ಸಂದರ್ಶನಕ್ಕ ಉಳದಾವರು ಇಬ್ಬರೂ ಪುಣಾದವರೇ, ಇಲ್ಲೇ ಮುಗಸ್ತೀನಿ ಅಂತ ಫೋನ್ ಮಾಡಿದ್ರು. ಮನೋಹರ ಅನ್ನಾವರು ಆಗಲೇ ಅಲ್ಲಿ ಹೋಗಿ ಕುಂತಾರಂತ್ರಿ."

"ಹೊಳ್ಳಿ ಹೋಗಾಕ ವಿಮಾನ?"

"ನಾಳೆ ಅದ."

"ಬಸ್ಸು?"

"ಬೇಕಾದಷ್ಟವರೀ. ಎಂಟು ತಾಸು."

ಅಷ್ಟರಲ್ಲಿ ಕಚೇರಿಯ ಫೋನು ಬಡಿದುಕೊಂಡಿತು. ಶಿವಕಾಂತಾ. "ಮುಟ್ಟಿದ್ರ್ಯಾ? ರಾಹು ಏನರೆ ಮಾಡಿದ್ನೇನು?"

ಹಣಮಂತ್ರಾಯರು ಎದೆ ಸೆಟೆದು ನಿಂತು, ಇಡೀ ಕಚೇರಿಗೆ ಕೇಳುವಂತೆ ಕೂಗಿದರು:

"ಅವನೇನ್ ಮಾಡ್ತಾನ? ಐವತ್ತ ಅಂದ್ರ ಐವತ್ತ ನಿಮಿಷ!"