ಕೆಂಪು ರಾಣಿಯ ಪಟ್ಟಾಭಿಷೇಕ

ಅಂಚೆ ಕಚೇರಿಯಲ್ಲಿ ನನ್ನದು ವಿಂಗಡಣೆ ವಿಭಾಗ. ಬರೆದವರೇ ಮತ್ತೆ ಓದಲಾರದಂಥ ವಿಳಾಸಗಳು ಕೊನೆಗೆ ನನ್ನ ಮೇಜಿಗೆ ಬರುತ್ತವೆ. ಕನ್ನಡಕ ಏರಿಸಿ ಒಂದು ನೋಟ ಬೀರಿದರೆ ಸಾಕು, ಊರು ಕೇರಿ ಎಲ್ಲ ಬಾಯಿಬಿಡುತ್ತವೆ. ಇಂಥವನು ಇರುವೆ ಸಾಕಲು ಹೊರಟ ಮೇಲೆ ಅದರ ಜಾತಿ ಗುರುತಿಸುವುದು ಯಾವ ಮಹಾ ವಿದ್ಯೆ! ತಿಂಗಳೊಳಗೆ ಈ ಊರಿನ ಇರುವೆಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತೇನೆಂದು ಮನೆಯಲ್ಲಿ ಸಾರಿದೆ. ಕರೆದರೆ ಬಂದೇಬಿಟ್ಟಾವೆಂದು ಹೆಂಡತಿ ಸಕ್ಕರೆ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದಳು.

ಗ್ರಂಥಾಲಯದಿಂದ ಚಿತ್ರಗಳಿರುವ ಪುಸ್ತಕ ತಂದೆ, ಒಂದು ಭೂತಗನ್ನಡಿ ಕೊಂಡೆ. ಮೂರನೆಯ ದಿನವೇ ಕಚೇರಿ ಕಾಂಪೌಂಡಿನ ಗಿಡದ ಮೇಲೆ ಕೆಂಪನೆಯ ದೊಡ್ಡ ಇರುವೆಯೊಂದು ಒಂಟಿಯಾಗಿ ನಿಂತಿತ್ತು. ಹಿಂದೆ ಸಾಲಿಲ್ಲ, ಮುಂದೆ ಸೈನ್ಯವಿಲ್ಲ. ಹೊಸ ರಾಜ್ಯ ಕಟ್ಟಲು ತವರು ಬಿಟ್ಟು ಬಂದ ರಾಣಿಯೇ ಇದೆಂದು ತೀರ್ಮಾನಿಸಿ, ಗಾಜಿನ ಕೊಳವೆಗೆ ಇಳಿಸಿ, ಬಾಯಿಗೆ ಹತ್ತಿ ತುರುಕಿ ಮನೆಗೆ ತಂದೆ.

ಏಳನೆಯ ತರಗತಿಯ ಮಗಳು ಕೊಳವೆಯ ಮುಂದೆ ಕುಳಿತು ಅದರ ಚಿತ್ರ ಬರೆದಳು. ನೋಡಿದರೆ ಎಂಟು ಕಾಲು! ಇರುವೆಗೆ ಆರೇ ಕಾಲೆಂದೂ, ಮುಂದೆ ಎತ್ತಿ ಆಡಿಸುತ್ತಿರುವವು ಮೀಸೆಗಳೆಂದೂ ಪುಸ್ತಕ ತೆರೆದು ತೋರಿಸಿ, ನಾನೇ ರಬ್ಬರು ಹಿಡಿದು ಎರಡು ಕಾಲು ಅಳಿಸಿದೆ. ಅವಳು ಮತ್ತೊಮ್ಮೆ ಕೊಳವೆಗೆ ಕಣ್ಣು ಹಚ್ಚಿ ಬೆರಳು ಮಡಚತೊಡಗಿದಳು.

"ರಾಣಿಗೆ ಮೀಸೆನಾ?" ಹೆಂಡತಿ ಕೇಳಿದಳು.

"ಇದೆಲ್ಲ ನಿನಗೆ ಗೊತ್ತಾಗಲ್ಲ ಬಿಡು," ಎಂದೆ.

ರಾಣಿ ಸಕ್ಕರೆ ನೀರನ್ನು ಮೂಸಿಯೂ ನೋಡಲಿಲ್ಲ. ಮಗಳು ಬಿಟ್ಟ ಸಣ್ಣ ನೊಣವನ್ನು ಮಾತ್ರ ಛಂಗನೆ ನೆಗೆದು ಹಿಡಿಯಿತು. ರಾಜವಂಶದ ಗತ್ತು ಎಂದುಕೊಂಡೆ. ವಾರದೊಳಗೆ ಮೂಲೆಯಲ್ಲಿ ಬಿಳಿ ರೇಷ್ಮೆಯ ಹೊದಿಕೆ ನೇಯ್ದು ಒಳಗೆ ಸೇರಿಕೊಂಡಿತು. ಪುಸ್ತಕದಲ್ಲಿ ಹುಡುಕಿದರೆ, ರೇಷ್ಮೆಯಿಂದ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ! ಬಣ್ಣ, ಗಾತ್ರ, ರೇಷ್ಮೆ ಎಲ್ಲ ತಾಳೆಯಾಯಿತು. ತಾಳೆಯಾಗದ್ದನ್ನು ನಾನು ನೋಡಲಿಲ್ಲ. ಆ ರೇಷ್ಮೆ ಇರುವೆಯ ಮರಿಹುಳುಗಳಿಂದ ಬರುತ್ತದೆ, ದೊಡ್ಡ ಇರುವೆಯಿಂದಲ್ಲ ಎಂದು ಮುಂದಿನ ಪುಟದಲ್ಲೇ ಇತ್ತು. ಪುಟ ತಿರುಗಿಸುವಷ್ಟು ಅನುಮಾನ ನನಗಿರಲಿಲ್ಲ.

ಕಚೇರಿಯಲ್ಲಿ ಮೂರು ವಾರ ನನ್ನ ಬಾಯಲ್ಲಿ ಇದೇ ಮಾತು. ವಿಭಾಗದ ಸಾಹೇಬರು ನಕ್ಕಿದ್ದನ್ನು ಕಂಡವರಿಲ್ಲ. ಅವರಿಗೂ ಕುತೂಹಲ ಹುಟ್ಟಿತು. ರೇಷ್ಮೆಯೊಳಗೆ ಮರಿಗಳು ಮಿಸುಕಾಡತೊಡಗಿದ ಭಾನುವಾರ ಅವರನ್ನು ಮನೆಗೇ ಕರೆದೆ. ರಾಜಪರಿವಾರವನ್ನು ಗಾಜಿನ ಪೆಟ್ಟಿಗೆಯ ಅರಮನೆಗೆ ಸಾಗಿಸುವ ಪಟ್ಟಾಭಿಷೇಕ! ಕಾಲು ಗಂಟೆ ಭಾಷಣ ಮಾಡಿ ಹತ್ತಿ ತೆಗೆದೆ. ಸಾಹೇಬರು ಬಗ್ಗಿ ಕೊಳವೆಯ ಬಾಯಿಗೇ ಮುಖ ತಂದರು.

ರಾಣಿ ಒಂದೇ ನೆಗೆತಕ್ಕೆ ಅವರ ತೋಳೇರಿತು. ಹಿಂದೆಯೇ ಸಾಸಿವೆಯಷ್ಟು ಸಣ್ಣ ಮರಿಗಳು. ಅಂಗಿಯ ಗುಂಡಿ, ಕಿವಿ, ಕನ್ನಡಕ ಸಿಕ್ಕಲ್ಲೆಲ್ಲ ಹತ್ತಿ, ಒಂದೊಂದು ಎಳೆ ಬಿಟ್ಟುಕೊಂಡು ಜೋತಾಡತೊಡಗಿದವು. ಸಾಹೇಬರು ಕದಲಲಿಲ್ಲ. ಮೂಗಿನ ಮುಂದೆ ತೂಗುತ್ತಿದ್ದ ಒಂದನ್ನು ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು:

"ಇರುವೆ ನೂಲು ಬಿಟ್ಕೊಂಡು ಇಳಿಯುತ್ತೇನ್ರೀ?"

ನಾನು ಪುಸ್ತಕಕ್ಕೆ ಕೈಚಾಚಿದೆ. ಮಗಳೇ ತಲೆ ತಗ್ಗಿಸಿ ಹೇಳಿದಳು: "ಅಪ್ಪಾ, ಅದು ಇರುವೆ ಥರ ಕಾಣೋ ಜೇಡ. ನಾನು ಕಾಲು ಎಣಿಸೇ ಬರೆದಿದ್ದೆ."

ಸಾಹೇಬರನ್ನು ಕೊಡವಿ, ಒರೆಸಿ, ಕ್ಷಮೆ ಕೇಳಿ ಕಳುಹಿಸಿದ ಮೇಲೆ ಕುರ್ಚಿಯಲ್ಲಿ ಕುಸಿದೆ. ಇರುವೆಯಂತೆ ನಟಿಸುವುದು ಜೇಡ ಜೀವ ಉಳಿಸಿಕೊಳ್ಳಲು ಕಲಿತ ವಿದ್ಯೆ. ಅದರ ಮೇಲೆ ಸಿಟ್ಟಾಗಿ ಫಲವಿಲ್ಲ. ಆದರೆ ಮಗಳು ಕಣ್ಣಾರೆ ಕಂಡದ್ದನ್ನು ಅಳಿಸಿದ ಕೈ ನನ್ನದು. ಎದುರಿಗಿದ್ದದ್ದನ್ನು ಬಿಟ್ಟು, ಮೊದಲೇ ಅಂದುಕೊಂಡದ್ದನ್ನು ಓದಿದ್ದೆ. ಹೀಗೇ ಓದಿ ಇಷ್ಟು ವರ್ಷ ಯಾರ ಪತ್ರವನ್ನು ಯಾರ ಮನೆಗೆ ಕಳುಹಿಸಿದ್ದೇನೋ ಎಂಬ ಭಯ ಹುಟ್ಟಿತು. ಮಗಳ ಕೋಣೆಗೆ ಹೋಗಿ ತಪ್ಪಾಯಿತೆಂದೆ. ಅವಳು ಪರವಾಗಿಲ್ಲವೆಂದು ಹೇಳಿ, ಬೀರುವಿನ ಹಿಂದೆ ಸೇರಿದ ಮರಿಗಳನ್ನು ಓಡಿಸಬಾರದೆಂಬ ಷರತ್ತು ಹಾಕಿದಳು. ಒಪ್ಪಿದೆ.

ಹೆಂಡತಿ ಚಹಾ ತಂದು ಪಕ್ಕದಲ್ಲಿ ಕುಳಿತಳು. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.

"ಬೇಜಾರು ಮಾಡ್ಕೋಬೇಡಿ. ಗುರುತು ಹಿಡಿಯೋದ್ರಲ್ಲಿ ಎಲ್ಲರಿಗೂ ತಪ್ಪಾಗುತ್ತೆ," ಎಂದಳು. ನನ್ನ ಎದೆ ಹಗುರಾಯಿತು. ಲೋಟ ನನ್ನ ಕೈಗಿಟ್ಟು ಮಾತು ಮುಗಿಸಿದಳು:

"ಮದುವೆಗೆ ಮುಂಚೆ ನಿಮ್ಮನ್ನ ಹತ್ತೇ ನಿಮಿಷ ನೋಡಿ, ಭಾರಿ ಬುದ್ಧಿವಂತರು ಅಂತ ನಾನೂ ಗುರುತು ಹಿಡಿದಿದ್ದೆ."