ಉಳ್ಳಾಗಡ್ಡಿ ಟಾರ್ಟು ಮತ್ತು ‘ತಗೋರಿ’ ಅನ್ನುವ ಚಟ

ನಮ್ಮ ಬೀದರ ಕಡೆ ಒಂದು ರೂಢಿಯಿದೆ. ಕೈಯಲ್ಲಿ ತಿನ್ನುವ ಪದಾರ್ಥವಿದ್ದಾಗ ಎದುರಿಗೆ ಯಾರೇ ಬಂದರೂ ‘ತಗೋರಿ’ ಅನ್ನಬೇಕು. ಎದುರಿನವರು, ಈಗಷ್ಟೇ ತಿಂದು ಬಂದವರಂತೆ, ‘ಬ್ಯಾಡ್ರಿ, ಈಗರೆ ಆಗ್ಯದ’ ಅನ್ನಬೇಕು. ನಾವು ಮತ್ತೆ ಒತ್ತಾಯ ಮಾಡಬೇಕು, ಅವರು ಮತ್ತೆ ಬೇಡವೆನ್ನಬೇಕು. ಕೊನೆಗೆ ಇಬ್ಬರೂ ಸಂತೋಷದಿಂದ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ; ಪದಾರ್ಥ ಇದ್ದಲ್ಲೇ ಇರುತ್ತದೆ. ಸುಳ್ಳೇಕೆ ಹೇಳಲಿ, ನಾನು ಇವತ್ತಿನವರೆಗೆ ತೋರಿಸಿದ ಔದಾರ್ಯವೆಲ್ಲ ಎದುರಿನವರ ಈ ‘ಬ್ಯಾಡ್ರಿ’ಯನ್ನು ನಂಬಿಯೇ.

ನಮ್ಮ ಮನೆಯಲ್ಲಿ ಈ ಮಾತನ್ನು ಮನಸ್ಸಿನಿಂದ ಆಡುವವಳೆಂದರೆ ನನ್ನ ಹೆಂಡತಿ ಪ್ರೇಮಲಾ ಒಬ್ಬಳೇ. ಅವಳು ‘ತಗೋರಿ’ ಅನ್ನುವಷ್ಟರಲ್ಲಿ ಪದಾರ್ಥ ನಮ್ಮ ತಾಟಿಗೆ ಬಿದ್ದಿರುತ್ತದೆ. ಕೊನೆಯ ಭಜಿ ನನಗೆ, ಕ್ರಿಸ್ಮಸ್ ಕೇಕಿನ ಚಂದದ ತುಂಡುಗಳು ಓಣಿಯವರಿಗೆ, ಅವಳಿಗೆ ತಳಕ್ಕೆ ಅಂಟಿದ ಚೂರು. ಔರಾದಿನ ತವರಿನಲ್ಲಿ ಹಿರಿಯ ಮಗಳಾಗಿ ಚಿಕ್ಕವರಿಗೆಲ್ಲ ಬಡಿಸಿ ಬಡಿಸಿ ಹಾಗೆ ಕಲಿತುಬಿಟ್ಟಿದ್ದಾಳೆ. ಈಗ ಭಾಲ್ಕಿಯ ಆಸ್ಪತ್ರೆಯಲ್ಲಿ ನರ್ಸು. ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದು, ಸೀರೆ ಬದಲಿಸಿ ನೇರ ಒಲೆಯ ಮುಂದೆ ನಿಲ್ಲುತ್ತಾಳೆ.

ಅವಳನ್ನು ಒಮ್ಮೆ ಯಾವುದೋ ತರಬೇತಿಗೆ ಬೆಂಗಳೂರಿಗೆ ಕಳಿಸಿದ್ದರು. ವಾಪಸ್ಸು ಬಂದವಳನ್ನು, ಅಲ್ಲಿ ಏನು ಕಲಿತೆ ಅಂತ ಕೇಳಿದೆ.

“ಕಲ್ತಿದ್ದು ಇರ್ಲಿ, ತಿಂದಿದ್ದು ಕೇಳ್ರಿ” ಅಂದಳು. “ಉಳ್ಳಾಗಡ್ಡಿ, ಚೀಸ್ ಹಾಕಿದ ಟಾರ್ಟ್ ಅಂತರಿ. ತಳಕ್ಕ ಬಿಸ್ಕೀಟಿನಂಗ ಖಸ್ತಾ, ಮ್ಯಾಲ ಉಳ್ಳಾಗಡ್ಡಿ ಬೆಣ್ಣಿಯಂಗ ಕರಗ್ತದ. ಏನ್ ರುಚಿ ಅಂತೀರಿ!”

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಆ ಟಾರ್ಟಿನ ಸುದ್ದಿ ನಿಲ್ಲಲೇ ಇಲ್ಲ. ಉಳ್ಳಾಗಡ್ಡಿ ಹೆಚ್ಚುವಾಗೊಮ್ಮೆ ನೆನಪು, ಟೋಸ್ಟು ಮುರಿದಾಗೊಮ್ಮೆ ನೆನಪು. ಗಂಡಸರು ಏನೇನಕ್ಕೋ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಒಂದು ತಿಂಡಿಯ ಮೇಲೆ ಪಟ್ಟೆ. ಕೊನೆಗೆ ನಿಶ್ಚಯ ಮಾಡಿದೆ: ಇಂಥದ್ದೇ ಟಾರ್ಟನ್ನು ನನ್ನ ಕೈಯಿಂದ ಮಾಡಬೇಕು, ಇಡೀ ಟಾರ್ಟನ್ನು ಅವಳ ಮುಂದೆ ಇಡಬೇಕು, ಒಂದು ಸಲವಾದರೂ ಅವಳು ಯಾರಿಗೂ ಬಡಿಸದೆ ಕೂತು ತಿನ್ನಬೇಕು.

ನಾನು ಹತ್ತನೇ ತರಗತಿ ಪಾಸಾದದ್ದು ಮದುವೆಯಾದ ಮೇಲೆ, ಪ್ರೇಮಲಾಳೇ ಪಾಠ ಹೇಳಿಕೊಟ್ಟು. ತಡವಾಗಿ ಕಲಿತವರು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತೇವೆ. ಅದರಾಚೆ ನಮಗೆ ಧೈರ್ಯ ಸಾಲದು. ಅವಳಿಗೆ ಡ್ಯೂಟಿ ಇದ್ದ ಒಂದು ಭಾನುವಾರ, ಮೊಬೈಲಿನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುತ್ತ ಶುರು ಮಾಡಿದೆ. ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್ ಆದ ನನಗೆ ಅಳತೆಯ ಹೆದರಿಕೆಯಿಲ್ಲ. ಹೆದರಿಕೆಯಿದ್ದದ್ದು ಹಿಟ್ಟಿನದು. ವಿಡಿಯೋದಲ್ಲಿನ ಹೆಂಗಸು, ಬೆಣ್ಣೆ ತಣ್ಣಗಿರಲಿ, ಮೈದಾವನ್ನು ಬೆರಳ ತುದಿಯಿಂದಷ್ಟೇ ಮುಟ್ಟಿ, ನಾದಲೇಬೇಡಿ ಅನ್ನುತ್ತಾಳೆ. ನಮ್ಮವ್ವ ಹಿಟ್ಟು ನಾದುತ್ತಿದ್ದರೆ ಗೋಡೆಯ ಮಾಡದೊಳಗಿನ ಡಬ್ಬಿಗಳು ಕುಣಿಯುತ್ತಿದ್ದವು. ಅಂಥವಳ ಮಗ ಹಿಟ್ಟನ್ನು ನಾಚಿಕೊಂಡು ಮುಟ್ಟುವುದೆಂದರೆ! ಬೀದರಿನ ಬೇಸಿಗೆಯಲ್ಲಿ ತಣ್ಣಗಿನ ಬೆಣ್ಣೆ ಅನ್ನುವುದು ಫ್ರಿಜ್ಜಿನ ಬಾಗಿಲು ತೆರೆಯುವವರೆಗೆ ಮಾತ್ರ. ಹಿಟ್ಟನ್ನು ಫ್ರಿಜ್ಜಿಗಿಡುವುದು, ತೆಗೆಯುವುದು, ಲಟ್ಟಿಸುವುದು, ಹರಿದರೆ ತೇಪೆ ಹಾಕಿ ಮತ್ತೆ ಒಳಗಿಡುವುದು. ನಡುವೆ ಉಳ್ಳಾಗಡ್ಡಿ ಹೆಚ್ಚಿ ಕಣ್ಣೀರು ಸುರಿಸಿದೆ. ಅದನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಅಂಚು ಇರುವ ತಾಟಿಗೆ ಹಾಸಿದ ಹಿಟ್ಟಿನ ಮೇಲೆ ಹರಡಿ, ತತ್ತಿ ಒಡೆದು ಹಾಲಿನಲ್ಲಿ ಕಲಸಿ ಸುರಿದು, ಮೇಲೆ ಚೀಸ್ ತುರಿದೆ. ನೋಡಲು ಚಂದವೇ ಇತ್ತು.

ನಮ್ಮಲ್ಲಿ ಓವನ್ ಇಲ್ಲ. ಡಿಸೆಂಬರಿನಲ್ಲಿ ನಮ್ಮ ಚರ್ಚಿನ ಮನೆಗಳವರೆಲ್ಲ ಕೇಕಿನ ಹಿಟ್ಟು ಕಲಸಿಕೊಂಡು ಬೇಕರಿಯ ಭಟ್ಟಿಗೆ ಕೊಟ್ಟು ಬೇಯಿಸಿಕೊಂಡು ಬರುತ್ತೇವೆ. ನಾನೂ ತಾಟಿನ ಮೇಲೆ ಟವೆಲ್ ಮುಚ್ಚಿಕೊಂಡು ಚಿದ್ರಿಯ ರಸ್ತೆಯಲ್ಲಿ ನಡೆದುಕೊಂಡೇ ಹೋದೆ.

ಬೇಕರಿಯ ಖಲೀಲ್ ಚಾಚಾ ಟವೆಲ್ ಎತ್ತಿ ನೋಡಿದರು. “ಕ್ರಿಸ್ಮಸ್ ಇನ್ನಾ ಭಾಳ ದೂರ ಅದಲ್ಲರಿ. ಮತ್ತ ಇದೇನು, ಕೇಕಿಗಿ ಉಳ್ಳಾಗಡ್ಡಿ ಹಾಕೀರಿ? ಯಾರ ಮ್ಯಾಲ ಸಿಟ್ಟ್ ಅದ ನಿಮಗ?”

“ಕೇಕ್ ಅಲ್ಲ ಚಾಚಾ, ಟಾರ್ಟ್. ಮನ್ಯಾಗ ಆಕಿ ಸಲುವಾಗಿ.”

“ಅಚ್ಛಾ, ಭಾಬಿ ಸಲುವಾಗಿ! ಹಂಗಾರ ಉರಿ ಸ್ವಲ್ಪ ಹುಷಾರ್ ಇಡಬೇಕಾಗ್ತದ” ಅಂದು ತಾಟನ್ನು ಒಳಗೆ ತಳ್ಳಿದರು.

ಹೊರಗೆ ಬಂದದ್ದನ್ನು ನೋಡಿ ನನಗೇ ನಂಬಿಕೆಯಾಗಲಿಲ್ಲ. ಬಂಗಾರದ ಬಣ್ಣ, ಉಬ್ಬಿದ ಅಂಚು, ವಾಸನೆಯಂತೂ ರಸ್ತೆಯವರೆಗೆ. ಚಾಚಾ ಕೆಲಸದವರನ್ನೆಲ್ಲ ಕರೆದು ತೋರಿಸಿದರು. ನನ್ನ ಎದೆ ಉಬ್ಬಿತು. ಆ ಉಬ್ಬಿನಲ್ಲೇ ಬಾಯಿಂದ ಮಾತು ಜಾರಿತು: “ತಗೋರಿ ಚಾಚಾ, ರುಚಿ ನೋಡ್ರಿ.”

‘ಬ್ಯಾಡ್ರಿ’ ಬರಲಿಲ್ಲ. ಬ್ರೆಡ್ಡು ಕೊಯ್ಯುವ ಚಾಕು ಬಂತು. ಉಳ್ಳಾಗಡ್ಡಿಯ ಕೇಕು ಹೇಗಿರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಬೇಡವೆನ್ನುವುದಾದರೂ ಹೇಗೆ? ಚಾಚಾ ತಾವೂ ತಿಂದು, ಭಟ್ಟಿಯವರಿಗೂ ಹಂಚಿ, “ವಾಹ್! ಏಕದಂ ನಾಜೂಕ್ ಆಗ್ಯದ” ಅಂದರು. ನಾನು ಮಾತ್ರ ಮುಟ್ಟಲಿಲ್ಲ. ಪ್ರೇಮಲಾ ಜೊತೆಗೇ ತಿನ್ನಬೇಕೆಂದು ಆಸೆ. ಅರ್ಧ ಟಾರ್ಟಿನೊಂದಿಗೆ ಮನೆಯ ಕಡೆ ನಡೆದೆ.

ದಾರಿಯಲ್ಲಿ ರಿಟೈರಾದ ಗುಂಡಪ್ಪ ಮಾಸ್ತರು ಎದುರಾದರು. “ಏನೋ ಘಮಾ ಘಮಾ ಅನ್ಲತ್ತದಲ್ಲ?” ಅಂದರು. ನಾನು ತಗೋರಿ ಅಂದೆ. ಅವರು ಹಳೆಯ ಕಾಲದವರು, ರೂಢಿಯಂತೆ ಬ್ಯಾಡ ಅಂದರು. ಜೀವ ಬಂದಂತಾಯಿತು. ಅಲ್ಲಿಗೇ ಬಿಡಬೇಕಿತ್ತು. ಆದರೆ ಮರ್ಯಾದೆಗೆ ಮತ್ತೊಮ್ಮೆ ಅಂದೆ. ಮತ್ತೆ ಬ್ಯಾಡ ಅಂದರು. ಧೈರ್ಯ ಹೆಚ್ಚಿ ಮೂರನೆಯ ಸಲವೂ ಅಂದೆ.

“ನೀ ಇಷ್ಟ್ ಹೇಳ್ಬೇಕಾದ್ರ ಹ್ಯಾಂಗ ಒಲ್ಲೆನ್ಲಿಪ್ಪಾ” ಅಂದು ಕೈ ಚಾಚಿದರು.

“ತತ್ತಿ ಹಾಕೀನ್ರಿ ಸರ್” ಅಂದೆ, ಕೊನೆಯ ಆಸೆಯಿಂದ.

“ಚಲೋ ಆತು. ಡಾಕ್ಟರ್ ತತ್ತಿ ತಿನ್ರಿ ಅಂತಲೇ ಅಂದಾರ” ಅಂದವರು, ಮನೆಯಾಕೆಗೂ ಒಂದು ತುಂಡು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಮನೆ ಮುಟ್ಟಿದರೆ ಬಾಗಿಲಲ್ಲಿ ಪಕ್ಕದ ಕಮಳಾಬಾಯಿ. “ಅಣ್ಣಾ, ನಮ್ಮ ಡಬ್ಬಿ ನಿಮ್ಮಲ್ಲೇ ಉಳದದ ನೋಡ್ರಿ.” ಶೇಂಗಾ ಹೋಳಿಗೆ ತುಂಬಿ ಕೊಟ್ಟಿದ್ದ ಡಬ್ಬಿ. ಕೊಟ್ಟ ಡಬ್ಬಿಯನ್ನು ಬರಿದು ಮಾಡಿ ವಾಪಸ್ಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡೋಣವೆಂದರೆ ಮನೆಯಲ್ಲಿ ಅದೂ ಮುಗಿದಿತ್ತು. ಈ ಸಲ ನಾನು ತಗೋರಿ ಅನ್ನಲೂ ಇಲ್ಲ; ಸುಮ್ಮನೆ ತುಂಬಿ ಕೊಟ್ಟೆ.

ತಾಟಿನಲ್ಲಿ ಒಂದೇ ಒಂದು ತುಂಡು ಉಳಿಯಿತು.

ಪ್ರೇಮಲಾ ಬಂದಳು. ಚಪ್ಪಲಿ ಬಿಡುವ ಮೊದಲೇ ವಾಸನೆ ಹಿಡಿದು ನಿಂತಳು. ಕೂರಿಸಿ, ಟವೆಲ್ ತೆಗೆದೆ. ಅವಳು ತುಂಡನ್ನು ನೋಡಿದಳು, ಅದರ ಸುತ್ತಲಿನ ಖಾಲಿ ತಾಟನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಮೊದ್ಲ ತಿನ್ನು, ಆಮ್ಯಾಲ ಬೈ” ಅಂದೆ.

ತಿನ್ನತೊಡಗಿದಳು. ನಾನು ಎದುರಿಗೆ ಕೂತು ಕಾಯುತ್ತಿದ್ದೆ. ಇನ್ನೇನು ಅರ್ಧ ಮುರಿದು ‘ತಗೋರಿ’ ಅನ್ನುತ್ತಾಳೆ, ನಾನು ಒಮ್ಮೆ ಬೇಡವೆಂದು ಎರಡನೆಯ ಸಲಕ್ಕೆ ಒಪ್ಪಿಕೊಳ್ಳುವುದು ಅಂತ ಮನಸ್ಸಿನಲ್ಲೇ ತಯಾರಾಗಿದ್ದೆ. ಅವಳು ಅನ್ನಲಿಲ್ಲ. ಕಣ್ಣು ಮುಚ್ಚಿ ಅಗಿದಳು. ಅಂಚು ತಿಂದಳು. ಬೆರಳಿಂದ ಒತ್ತಿ ಒತ್ತಿ ತಾಟಿನ ಚೂರುಗಳನ್ನೂ ತಿಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹಾಗೆ ತಿಂದದ್ದನ್ನು ನಾನು ಕಂಡಿರಲಿಲ್ಲ.

“ಹ್ಯಾಂಗ ಆಗ್ಯದ?” ಅಂದೆ.

“ಉಪ್ಪು ಹಾಕದು ಮರ್ತೀರಿ.”

ಚಾಚಾ ಹೇಳಿರಲಿಲ್ಲ. ಮಾಸ್ತರೂ ಹೇಳಿರಲಿಲ್ಲ.

“ಹಂಗಾರ ಬೆಂಗ್ಳೂರಿಂದೇ ಚಲೋ ಇತ್ತೇನು?”

“ಅದರಾಗ ಉಪ್ಪು ಇತ್ತು, ಖರೆ” ಅಂದಳು. “ಆದ್ರ ಅಲ್ಲಿ ಅರ್ಧ ನಾ ಬಾಜೂದಾಕಿಗಿ ಕೊಟ್ಟಿದ್ದೆರಿ. ಇಡೀ ತುಂಡು ಇವತ್ತೇ ತಿಂದಿದ್ದು.” ಆಗ ಥಟ್ಟನೆ ನೆನಪಾದವಳಂತೆ ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯ! ನೀವು ತಿಂದೀರೋ ಇಲ್ಲೋ?”

“ನಂದು ಈಗರೆ ಆಗ್ಯದ” ಅಂದೆ.

ನಂಬಿ, ತಾಟು ತೊಳೆಯಲು ಎದ್ದು ಹೋದಳು. ನಾನು ಟವೆಲ್ ಝಾಡಿಸಲು ಹೋದಾಗ ಅದರ ಮೂಲೆಗೆ ಒಂದು ಚೂರು ಅಂಟಿಕೊಂಡಿರುವುದು ಕಂಡಿತು. ಅತ್ತಿತ್ತ ನೋಡಿದೆ. ‘ತಗೋರಿ’ ಅನ್ನಲು ಯಾರೂ ಇರಲಿಲ್ಲ. ಗಬಕ್ಕನೆ ಬಾಯಿಗೆ ಹಾಕಿಕೊಂಡೆ.

ಅವಳು ಹೇಳಿದ್ದು ಖರೆ. ಉಪ್ಪಿರಲಿಲ್ಲ.